ಬರೆ ಹಾಕಿದರೆ ಹೋಗುವ ನೋವಲ್ಲ

ನಮ್ಮ ಕಡೆ ಕುರಿಗೆ ಕಾಯಿಲೆ ಬಂದರೂ ಬರೆ, ಕೂಸಿನ ಹೊಟ್ಟೆ ಉಬ್ಬರಿಸಿದರೂ ಬರೆ. ಕಬ್ಬಿಣ ಕಾಯಿಸಿ ಮೈಗೆ ಇಟ್ಟರೆ ಮುಗಿಯಿತು ಎಂದುಕೊಳ್ಳುವವರು ಇನ್ನೂ ಇದ್ದಾರೆ. ಯಲ್ಲದಕೆರೆಯಲ್ಲಿ ನಮ್ಮ ಪಕ್ಕದ ಮನೆಯ ನಿಂಗಪ್ಪ ಅದನ್ನೇ ಹೆತ್ತ ಮಗಳಿಗೆ ಮಾಡಲು ಹೊರಟ. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಮಗಳು ನೇತ್ರಾವತಿ ಕಾಲೇಜಿಗೆ ಹೋಗುವವಳು. ಬೆಳಿಗ್ಗೆ ಗೆಳತಿಯನ್ನು ತಬ್ಬಿಕೊಂಡು ನೀನೇ ನನ್ನ ಪ್ರಾಣ ಎನ್ನುವಳು. ಆ ಗೆಳತಿ ಫೋನ್ ಎತ್ತುವುದು ತಡವಾದರೆ ಸಾಕು, "ಎಲ್ರೂ ನನ್ನ ಬಿಟ್ಟು ಹೋಗ್ತಾರೆ" ಎಂದು ಅಳುವಳು. ಊರಿನವರು ಅವಳಿಗೆ ಇಟ್ಟ ಹೆಸರು ನಾಟಕದವಳು. ಹೆಸರಿಡಲು ಎಲ್ಲರಿಗೂ ಬಿಡುವಿತ್ತು, ಏನಾಯಿತಮ್ಮ ಎಂದು ಕೇಳಲು ಯಾರಿಗೂ ಇರಲಿಲ್ಲ.

ನಿಂಗಪ್ಪನ ತಮ್ಮನ ಮನೆಯಲ್ಲಿ ಮದುವೆ. ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಲು ಹಿರಿಯೂರಿನಿಂದ ಬಳೆಗಾರ್ತಿ ಪ್ಯಾರಿ ಬೀ ನಿಂಗಪ್ಪನ ಮನೆಗೆ ಬಂದಿದ್ದರು, ನಾವೆಲ್ಲ ಅಲ್ಲಿ ಸೇರಿದ್ದೆವು. ನೇತ್ರಾ ಕೈ ಕೊಡಲು ಒಪ್ಪಲಿಲ್ಲ. ತಾಯಿ ಜಯಕ್ಕ ಗದರಿಸಿ ಕೈ ಎಳೆದಳು. ಹುಡುಗಿ ತಾನೇ ಮಾಡಿಕೊಂಡ ಗಾಯಗಳು ಎಲ್ಲರಿಗೂ ಕಂಡವು.

ಕೂಗು ಕೇಳಿ ನಿಂಗಪ್ಪ ಹಿತ್ತಲಲ್ಲಿ ಕುರಿ ಕೂಡುವ ರೊಪ್ಪದಿಂದ ಓಡಿಬಂದ. "ಇವಳಿಗೆ ಗಾಳಿ ಮೆಟ್ಟೈತೆ. ಒಂದು ಬರೆ ಎಳೆದ್ರೆ ಬಿಟ್ಟು ಓಡ್ತೈತೆ!" ಎಂದು ಕುಡುಗೋಲನ್ನು ಒಲೆಯ ಕೆಂಡಕ್ಕೆ ಇಟ್ಟೇಬಿಟ್ಟ. ನಾನು ಅಡ್ಡ ಹೋದೆ. "ನೀನು ಸುಮ್ನಿರು ಏಕಾಂತಮ್ಮ" ಎಂದು ಪಕ್ಕಕ್ಕೆ ತಳ್ಳಿದ. ನೇತ್ರಾ ಹಿಂದೆ ಸರಿದು ಗೋಡೆಗೆ ಒರಗಿದಳು.

ಪ್ಯಾರಿ ಬೀ ಎದ್ದು ಹೋಗಿ ಒಲೆಯ ಮುಂದೆ ನಿಂತರು.

"ನಿಂಗಣ್ಣ, ಮಗಳು ಮೈಗೆ ನೋವು ಮಾಡ್ಕಂಡ್ಲು ಅಂತ ತಾನೆ ನಿಮಗೆ ಸಿಟ್ಟು? ಅದನ್ನ ಬಿಡಿಸಾಕೆ ನೀವು ಇನ್ನಷ್ಟು ನೋವು ಮಾಡ್ತೀರಾ? ಇದ್ಯಾವ ನ್ಯಾಯ?"

"ನಿಮಗೆ ಗೊತ್ತಾಗಲ್ಲ ಬೀಬಮ್ಮ. ಇದು ನಮ್ಮನೆ ವಿಷಯ."

"ಗೊತ್ತೈತೆ. ನನ್ನ ಮಗಳು ಮಹೇಕ್ ಹಿಂಗೇ ಮಾಡ್ಕಂತಿದ್ಲು. ನೀವು ಗಾಳಿ ಅಂತೀರಿ, ನಾವು ಶೈತಾನ್ ಅಂದ್ವಿ. ತಾಯತ ಕಟ್ಟಿದ್ವಿ, ಯಾರಿಗೂ ಹೇಳ್ದಂಗೆ ಮುಚ್ಚಿಟ್ವಿ. ನೋವು ಹಂಗೇ ಇತ್ತು. ಕೊನೆಗೆ ಮನಸ್ಸಿನ ಡಾಕ್ಟ್ರ ಹತ್ರ ಹೋದ್ವಿ. ಬಾರ್ಡರ್‌ಲೈನ್ ಪರ್ಸನಾಲಿಟಿ ಅಂತ ಕಾಯಿಲೆ ಅಂದ್ರು. ಬಿಟ್ಟು ಹೋಗ್ತಾರೆ ಅನ್ನೋ ಭಯ, ಮನಸು ಬೇಗ ಕಾಯ್ತೈತೆ, ಆರಾಕೆ ಹೊತ್ತು ಹಿಡಿತೈತೆ. ಎಲ್ಲಾ ಜಾತೀಲೂ ಎಲ್ಲಾ ದೇಶದಾಗೂ ಐತಂತೆ."

"ನಮ್ ಹುಡುಗೀಗೂ ಅದೇನಾ?" ಜಯಕ್ಕ ಅಳುತ್ತ ಕೇಳಿದಳು.

"ನಾನು ಬಳೆ ತೊಡಿಸೋಳು ಕಣಕ್ಕ, ಹೇಳಾಕಾಗಲ್ಲ. ಗಾಯ ಮಾಡ್ಕಂಡೋರಿಗೆಲ್ಲ ಅದೇ ಇರಲ್ಲ. ಡಾಕ್ಟ್ರು ಮಾತಾಡ್ಸಿ ನೋಡ್ಬೇಕು."

"ಬರೀ ಮಾತಾಡ್ಸಿದ್ರೆ ವಾಸಿ ಆಗ್ತೈತಾ?" ನಿಂಗಪ್ಪ ಗೊಣಗಿದ.

"ಮಾತಾಡ್ಸೋದೇ ಅದಕ್ಕೆ ದೊಡ್ಡ ಚಿಕಿತ್ಸೆ. ತಿಂಗಳುಗಟ್ಲೆ ಹೋಗ್ಬೇಕು. ನಡುವೆ ಮಹೇಕ್ ಮತ್ತೆ ಒಂದ್ಸಲ ಗಾಯ ಮಾಡ್ಕಂಡ್ಲು, ನಾವು ಬೈಲಿಲ್ಲ. ಈಗ ತಡಿಲಾರ್ದಾಗ ಬಂದು 'ಅಮ್ಮಿ, ಹತ್ರ ಕುಂತ್ಕೋ' ಅಂತಾಳೆ."

ಆಗ ನೇತ್ರಾ ಬಾಯಿ ಬಿಟ್ಟಳು. "ಅಪ್ಪ, ನಂಗೆ ಸಾಯೋ ಆಸೆ ಇಲ್ಲ. ಒಳಗೆ ತಡಿಯಾಕಾಗಲ್ಲ. ಹೇಳಿದ್ರೆ ನೀವೆಲ್ಲ ನಗ್ತೀರಿ."

ನಿಂಗಪ್ಪನ ಮುಖ ಸಣ್ಣದಾಯಿತು. ಕುಡುಗೋಲನ್ನು ಕೆಂಡದಿಂದ ತೆಗೆದು ನೀರಿನ ಬಾನಿಗೆ ಹಾಕಿದ. ಬಂದು ಮಗಳ ಪಕ್ಕ ನೆಲದ ಮೇಲೆ ಕೂತ.

"ನಗಲ್ಲ ಕಣವ್ವ, ಹೇಳು," ಎಂದ. ಅವಳು ಹೇಳಿದ್ದನ್ನೆಲ್ಲ ಕೇಳಿ ಹೆಂಡತಿಯ ಕಡೆ ತಿರುಗಿ, "ಮದುವೆ ಕೆಲ್ಸ ತಮ್ಮ ನೋಡ್ಕಂತಾನೆ. ಇವತ್ತೇ ಹಿರಿಯೂರಿಗೆ ಹೋಗಿ ಡಾಕ್ಟ್ರಿಗೆ ತೋರ್ಸಾಣ" ಎಂದ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಟಕ ಎಂದು ನಗುವುದನ್ನು ಇನ್ನು ಸಾಕು ಮಾಡಿ. ಗಾಯ ಕಂಡರೆ ಬೈಯಬೇಡಿ, ಹೊಡೆಯಬೇಡಿ, ಹತ್ತು ಜನರ ಮುಂದೆ ಕೈ ಎಳೆಯಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಕೆಡುಕಾಗುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಮನೆಯಲ್ಲಿ ಮಗಳೋ ಮಗನೋ ಒಳಗೊಳಗೇ ಬೇಯುತ್ತಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಮಾತಾಡಿಸಿ. ನಾಳೆಗೆ ಇಡಬೇಡಿ.