ಚಿನ್ನಮ್ಮನ ಹೆಸರು

ಹೆಣ್ಣು ಹುಟ್ಟಿದರೆ ಚಿನ್ನಮ್ಮನ ಹೆಸರೇ ಎಂದು ಅಜ್ಜಿ ಭಾರತಮ್ಮ ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಚಿನ್ನಮ್ಮ ಎಂದರೆ ಅವಳ ತಾಯಿ. ಅನಿತಳಿಗೆ ಹೆಣ್ಣೇ ಹುಟ್ಟಿತು. ಬಾಣಂತನಕ್ಕೆ ಲಕ್ಕೂರಿನ ತವರಿಗೆ ಬಂದ ಮೊಮ್ಮಗಳ ಮಗ್ಗುಲಲ್ಲಿ ಕೂತು ಅಜ್ಜಿ ದಿನವೂ ಕೂಸಿನ ಹಣೆ ಸವರುವಳು, ತನ್ನ ತಾಯಿಯದೇ ಹಣೆ ಅನ್ನುವಳು. ಶುಕ್ರವಾರ ತೊಟ್ಟಿಲ ಶಾಸ್ತ್ರ. ಕಿವಿಯಲ್ಲಿ ಹೆಸರು ಹೇಳುವವಳೂ ಅವಳೇ.

ಅನಿತಳ ಚಿಕ್ಕಪ್ಪ, ಅಜ್ಜಿಯ ಮಗ ಅಮರನಾಥ್ ನರಸಾಪುರದಲ್ಲಿ ಕಂಪನಿ ಬಸ್ಸು ಓಡಿಸುತ್ತಿದ್ದ. ಬಸ್ಸಿನಲ್ಲಿ ಯಾರೋ ತಮ್ಮ ಏಳು ತಲೆಮಾರಿನ ಹೆಸರು ಪಟಪಟನೆ ಹೇಳಿದ್ದೇ ತಡ, ಅವನಿಗೂ ವಂಶವೃಕ್ಷದ ಹುಚ್ಚು ಹತ್ತಿತ್ತು. ರಜೆ ಬಂತೆಂದರೆ ಮುಳಬಾಗಿಲು, ಕೋಲಾರ ಸುತ್ತಿ ಹಳೇ ದಾಖಲೆಗಳ ಧೂಳು ಕುಡಿದು ಬರುತ್ತಿದ್ದ. ಆ ಬುಧವಾರ ಬಂದವನು ಫೋನನ್ನು ಅನಿತಳ ಕೈಗಿಟ್ಟ. ಐವತ್ತೊಂದನೇ ಇಸವಿಯ ಜನಗಣತಿಯಲ್ಲಿ ಅಜ್ಜಿಯ ತವರುಮನೆ ಸಿಕ್ಕಿತ್ತಂತೆ, ಆದರೆ ಬರೆದವನು ಕುಡಿದು ಬರೆದಿದ್ದಾನಂತೆ.

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ಅನಿತಳಿಗೆ ಮನೆಯವರೆದುರು ಓದುವುದಕ್ಕೂ ಸಂಕೋಚ. ಮೆಲ್ಲಗೆ ಓದಿದಳು. ಊರು ಕುರುಡುಮಲೆ. ಯಜಮಾನ ಚನ್ನರಾಯಪ್ಪ. ಹೆಂಡತಿ ರಾಮಲಕ್ಷ್ಮಮ್ಮ. ಮಗಳು ಭಾರತಮ್ಮ, ನಾಲ್ಕು ವರ್ಷ. ಹೆಂಡತಿಯ ತಂಗಿ ಮುನಿರತ್ನಮ್ಮ, ಹದಿನಾರು.

"ಚಿನ್ನಮ್ಮನೇ ಇಲ್ಲ ನೋಡು" ಅಂದ ಚಿಕ್ಕಪ್ಪ. "ನಮ್ಮಜ್ಜೀನ ಬಿಟ್ಟು ಊರೋರನ್ನೆಲ್ಲ ಬರ್ಕೊಂಡಿದಾನೆ."

ಅಜ್ಜಿ ನಕ್ಕಳು. ಅನಿತ ನಗಲಿಲ್ಲ. ಅವಳ ಗಂಡನ ಮನೆ ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಮಾತು ತೆಲುಗು. ಓರಗಿತ್ತಿಯ ತಂಗಿ ಬಂದಾಗಲೆಲ್ಲ ಮಕ್ಕಳು ಏನೆಂದು ಕೂಗುತ್ತಾ ಓಡಿಹೋಗಿ ಸೆರಗು ಹಿಡಿಯುತ್ತವೆ ಎಂಬುದನ್ನು ಅವಳು ಕೇಳಿದ್ದಳು. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಶುಕ್ರವಾರ ಮಾತ್ರ ಹತ್ತಿರವಿತ್ತು.

"ಅಜ್ಜಿ, ಚಿನ್ನಮ್ಮನ ತವರು ಯಾವೂರು?"

"ಪುಂಗನೂರು ಕಡೆ ಕಣೇ. ಸಾಯೋವರ್ಗೂ ಅವಳ ಕನ್ನಡ ಸೊಟ್ಟಾನೇ."

"ತೆಲುಗಲ್ಲಿ ಚಿನ್ನಮ್ಮ ಅಂದ್ರೆ... ಚಿಕ್ಕಮ್ಮ ಅಲ್ವಾ ಅಜ್ಜಿ?"

ಅಜ್ಜಿಯ ಕೈ ಕೂಸಿನ ಹಣೆಯ ಮೇಲೇ ನಿಂತಿತು. ಸಂತೆಯಲ್ಲಿ ಜಗಳವಾಡುವಷ್ಟು ತೆಲುಗು ಅವಳಿಗೂ ಬರುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಕೇಳಿದ ಹೆಸರನ್ನು ಯಾರು ಬಿಡಿಸಿ ನೋಡುತ್ತಾರೆ? ಊರೆಲ್ಲ ಚಿನ್ನಮ್ಮ ಅನ್ನುತ್ತಿತ್ತು, ಅವಳೂ ಅಂದಿದ್ದಳು. ಪಟ್ಟಿಯಲ್ಲಿ ಮುನಿರತ್ನಮ್ಮ ಎಂದಿದ್ದ ಆ ಹೆಂಗಸು ಅವಳಿಂದ ಒಂದು ದಿನವೂ ಅಮ್ಮ ಎಂದು ಕರೆಸಿಕೊಂಡಿರಲಿಲ್ಲ.

ಚಿಕ್ಕಪ್ಪನ ನಗು ಅಷ್ಟರಲ್ಲೇ ಆರಿತ್ತು. ರಾಮಲಕ್ಷ್ಮಮ್ಮ ಎಂಬ ಹೆಸರನ್ನು ತಾನು ಇನ್ನೊಂದು ಕಡೆಯೂ ನೋಡಿದ್ದೇನೆ, ಬೇರೆ ಯಾರೋ ಎಂದು ಬಿಟ್ಟಿದ್ದೆ ಎಂದು ತಡವರಿಸಿದ. ಕೋಲಾರದಲ್ಲಿ ಜಿಲ್ಲೆಯ ಹಳೇ ವ್ಯಾಪಾರಿಗಳ ಡೈರೆಕ್ಟರಿಯೊಂದರ ಪುಟಗಳನ್ನು ಫೋಟೋ ತೆಗೆದಿದ್ದ. ಅರವತ್ತನೇ ಇಸವಿಯದು. ಶ್ರೀನಿವಾಸಪುರ, ಊಟದ ಹೋಟೆಲುಗಳು: 'ರಾಮಲಕ್ಷ್ಮಮ್ಮ, ಕೋಂ ಚನ್ನರಾಯಪ್ಪ, ಕುರುಡುಮಲೆಯವರು. ಬಸ್ ನಿಲ್ದಾಣದ ಎದುರು.' ಕೋಂ ಎಂದರೆ ಹೆಂಡತಿ. ಪತ್ರಗಳಲ್ಲಿ ಹಾಗೇ ಬರೆಯುವುದು.

ಹೆತ್ತವಳು ಸತ್ತಿರಲಿಲ್ಲ. ಓಡಿಹೋಗಿ ಇನ್ನೊಬ್ಬನನ್ನು ಕಟ್ಟಿಕೊಂಡಿರಲೂ ಇಲ್ಲ. ಗಂಡನ ಹೆಸರಿಟ್ಟುಕೊಂಡೇ ಪಕ್ಕದ ತಾಲ್ಲೂಕಿನಲ್ಲಿ ಅನ್ನ ಬೇಯಿಸುತ್ತಿದ್ದಳು.

"ಅಲ್ಲಿ ನಾನು ಉಂಡಿದೀನಿ" ಅಂದಳು ಅಜ್ಜಿ.

ಮಾವಿನ ಕಾಲದಲ್ಲಿ ಕಾಯಿ ಮಾರಲು ಶ್ರೀನಿವಾಸಪುರಕ್ಕೆ ಹೋಗುವಾಗ ಅಪ್ಪ ಅವಳನ್ನೂ ಕರೆದೊಯ್ಯುತ್ತಿದ್ದನಂತೆ. ವ್ಯಾಪಾರ ಮುಗಿದ ಮೇಲೆ ಆ ಹೋಟೆಲಿನ ಬಾಗಿಲಿಗೆ ಬಿಟ್ಟು ತಾನು ರಸ್ತೆಯಾಚೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದನಂತೆ. ಹೋಟೆಲಿನಾಕೆ ಅವಳನ್ನು ಒಳಗೆ ಒಲೆಯ ಹತ್ತಿರ ಕೂರಿಸಿ, ಎಲೆ ಖಾಲಿಯಾಗುವವರೆಗೆ ಎದುರಿಗೇ ಕುಕ್ಕರುಗಾಲಲ್ಲಿ ಕೂತಿರುವಳು. ಹುಡುಗಿಯ ಹೆಸರು ಕೇಳಿದವಳಲ್ಲ. ಒಮ್ಮೆ ತನ್ನ ಸೆರಗಿನಿಂದ ಅವಳ ಬಾಯಿ ಒರೆಸಿದ್ದಳು. ಬಂದವರಿಗೆಲ್ಲ ಹೀಗೇ ಮಾಡುತ್ತಾಳೆ ಅಂದುಕೊಂಡಿದ್ದಳಂತೆ ಅಜ್ಜಿ.

"ಅಪ್ಪ ಒಂದ್ಸಲಾನೂ ಒಳಗೆ ಬರ್ಲಿಲ್ಲ. ಹಸಿವಿಲ್ಲ ಅಂತಿದ್ದ."

ಮನೆಯಲ್ಲಿ ಹದಿನಾರರ ನಾದಿನಿ ಇದ್ದಳಲ್ಲ, ಅದಕ್ಕೇ ಅಕ್ಕ ಮನೆ ಬಿಟ್ಟು ಏನಾದರೂ, ಎಂದು ಶುರುಮಾಡಿದ ಚಿಕ್ಕಪ್ಪ ಅಜ್ಜಿಯ ಮುಖ ನೋಡಿ ಮಾತು ನುಂಗಿಕೊಂಡ.

ಗುರುವಾರವಿಡೀ ಅಜ್ಜಿ ಅನ್ನ ಮುಟ್ಟಲಿಲ್ಲ. ಸಾಕಿದವಳನ್ನು ಬೈಯಲಿಲ್ಲ, ಹೆತ್ತವಳಿಗಾಗಿ ಅಳಲಿಲ್ಲ. ಯಾವ ಹೆಸರು ಹೇಳುತ್ತೀ ಎಂದು ಕೇಳುವ ಧೈರ್ಯ ಅನಿತಳಿಗೆ ಬರಲಿಲ್ಲ.

ಶುಕ್ರವಾರ ಮನೆ ತುಂಬ ಹೆಂಗಸರು. ಅಜ್ಜಿ ತೊಟ್ಟಿಲಿಗೆ ಬಾಗಿದಳು. ಬಾಗಿದವಳು ಹಾಗೇ ಇದ್ದಳು. ಹಾಡುತ್ತಿದ್ದವರು ಹಾಡು ಮುಗಿಸಿ ಕಾದರು. ಕೊನೆಗೆ ಮೂರು ಸಲ ತುಟಿ ಅಲುಗಿತು. ರಾಮಲಕ್ಷ್ಮಿ.

ಪಕ್ಕದ ಮನೆಯ ಸುನಂದ ಬಿಡಲಿಲ್ಲ. "ಅಲ್ಲ ಭಾರತಕ್ಕ, ಇಷ್ಟು ದಿನ ಚಿನ್ನಮ್ಮ ಚಿನ್ನಮ್ಮ ಅಂತ ಬಡ್ಕೊಂತಿದ್ರಿ?"

"ಚಿನ್ನಮ್ಮ ಅನ್ನೋದು ಹೆಸರಲ್ಲ ಕಣೇ" ಅಂದಳು ಅಜ್ಜಿ.

ಮುದುಕಿ ತಮಾಷೆ ಮಾಡುತ್ತಿದ್ದಾಳೆಂದು ಹೆಂಗಸರೆಲ್ಲ ನಕ್ಕರು. ತೊಟ್ಟಿಲಿನ ಹಗ್ಗ ಹಿಡಿದ ಅಜ್ಜಿ ಮಾತ್ರ ನಗದಿದ್ದುದನ್ನು ಅನಿತ ನೋಡಿದಳು. ಅಷ್ಟು ಜನರ ನಡುವೆ ಚಾಪೆಯಿಂದೆದ್ದು ಹೋಗಿ ಅಜ್ಜಿಯ ತೋಳು ಹಿಡಿದು ನಿಂತಳು.