ಹನ್ನೊಂದು ಸೆಕೆಂಡಿನ ಸಿನಿಮಾ

ನೆರೂಳದ ಕನ್ನಡ ಸಂಘದವರು ಮೂರು ದಿನದ ಸಿನಿಮಾ ಶಿಬಿರ ಇಟ್ಟುಕೊಂಡದ್ದು 2013ರ ಮೇ ತಿಂಗಳಲ್ಲಿ. ಬ್ಯಾಂಕಿನಿಂದ ನಿವೃತ್ತರಾಗಿ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಾಗಿದ್ದ ಪುಂಡರೀಕಾಕ್ಷರು ಅಲ್ಲಿಗೆ ಹೋದದ್ದು ಸಂಘದ ಹಾಲ್‌ನಲ್ಲಿ ಎ.ಸಿ. ಇದೆ ಎಂಬ ಒಂದೇ ಕಾರಣಕ್ಕೆ. ಹೋದವರು ಪೂರಾ ಕೆಟ್ಟು ಬಂದರು. ತೆರೆಯ ಮೇಲೆ ಏನೇ ಕಂಡರೂ ಚೌಕಟ್ಟಿನ ಹೊರಗೆ ಏನಿದೆ, ಕ್ಯಾಮರಾ ಅಲ್ಲಿ ಇಟ್ಟವರು ಯಾರು ಎಂದು ಕೇಳಬೇಕೆಂದು ಯಾರೋ ಗಡ್ಡದವರು ತಲೆಗೆ ತುಂಬಿದ್ದರು. ಧಾರಾವಾಹಿಯ ಸೊಸೆ ಲಿಪ್‌ಸ್ಟಿಕ್ ಹಚ್ಚಿಕೊಂಡೇ ನಿದ್ದೆಯಿಂದ ಎದ್ದರೆ ಇವರು ಲಿಖಿತ ವಿವರಣೆ ಬೇಕೆನ್ನುವರು. ಹವಾಮಾನ ವರದಿಯಲ್ಲಿ ಮೋಡಗಳನ್ನು ಯಾವಾಗಲೂ ಮೇಲಿನಿಂದಲೇ ಯಾಕೆ ತೋರಿಸುತ್ತಾರೆ ಎಂದೂ ಕೇಳಿದರು. ಹೆಂಡತಿ ಸತ್ಯಭಾಮಾ ರಿಮೋಟನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟರು.

ಅಷ್ಟರಲ್ಲಿ ಸೊಸೈಟಿಯ ಚೇರ್ಮನ್, ಹೋಟೆಲಿನ ಕಮಲಾಕ್ಷ ಶೆಟ್ಟರಿಗೆ ಊರಿನಿಂದ ಬಸ್ಸಿನಲ್ಲಿ ಬಂದ ಹಲಸಿನ ಹಣ್ಣು ಲಿಫ್ಟಿನ ಬಳಿಯಿಂದ ಮಾಯವಾಯಿತು. ಸಿಸಿಟಿವಿ ತೆಗೆದು ನೋಡಿದರೆ ಹನ್ನೊಂದು ಸೆಕೆಂಡಿನ ಒಂದು ತುಣುಕು. ಆರು ಮನೆಗಳಲ್ಲಿ ಪಾತ್ರೆ ತಿಕ್ಕುವ ಮಾನಮ್ಮ ದೊಡ್ಡ ಗಂಟು ಹೊತ್ತು ಹಿಂದಿನ ಗೇಟು ದಾಟುತ್ತಾಳೆ, ಅಷ್ಟೇ. ಅವಳ ಗೇಟ್ ಪಾಸ್ ರದ್ದು ಮಾಡಲು ಆಫೀಸಿನಲ್ಲಿ ಮೀಟಿಂಗ್ ಕರೆದರು. ಪಾಸ್ ಹೋದರೆ ಆರು ಮನೆಯೂ ಹೋದಂತೆ.

"ಮೂರನೇ ಮಾಳಿಗೀಯವ್ರು ಕೊಟ್ಟ ಹಳೇ ದಿಂಬ್ರೀ ಅವು," ಎಂದಳು ಮಾನಮ್ಮ. ಮೂರನೇ ಮಾಳಿಗೆಯವರು ಊರಿಗೆ ಹೋಗಿದ್ದರು, ಫೋನಿಗೆ ಸಿಗಲಿಲ್ಲ.

ಕಮಿಟಿ ಆಫೀಸಿನ ಟಿವಿಯಲ್ಲಿ ಆ ತುಣುಕನ್ನು ಒಂಬತ್ತು ಸಲ ನೋಡಿತು. ನಾಲ್ಕನೇ ಸಲಕ್ಕೆ ಚಕ್ಕುಲಿ ಬಂತು. "ಆ ನಡಿಗೆ ಸಹಜ ಇಲ್ಲ ಮಾರಾಯ್ರೆ," ಎಂದರು ಕಮಲಾಕ್ಷರು. ಹಾಗಾದರೆ ಇನ್ನೊಮ್ಮೆ ನಡೆಸಿ ನೋಡೋಣ ಎಂದು ಪುಂಡರೀಕಾಕ್ಷರೇ ಸಲಹೆ ಕೊಟ್ಟರು. ಮಾನಮ್ಮ ಎರಡು ದಿಂಬು ಹೊತ್ತು ಗೇಟು ದಾಟಿದಳು. ಬಹಳ ಸಹಜವಾಗಿತ್ತು. ಸ್ಟೇಷನ್ ಹತ್ತಿರದ ಮಾರ್ಕೆಟಿನಿಂದ ಹಲಸು ತರಿಸಿ ಹೊರಿಸಿದರು. ಅದೂ ಸಹಜವಾಗಿಯೇ ಬಂತು.

"ದಿಂಬಿಗೂ ಸಹಜ, ಹಲಸಿಗೂ ಸಹಜ," ಎಂದು ಕಮಲಾಕ್ಷರು ಗಂಭೀರರಾದರು. "ಅಂದ್ರೆ ಅವತ್ತು ಇವಳು ಹೊತ್ತದ್ದು ಇದಕ್ಕಿಂತ ದೊಡ್ಡದೇನೋ. ಯಾರ ಮನೆಯಲ್ಲಿ ಏನೇನು ಹೋಗಿದೆ, ಚೆಕ್ ಮಾಡಿ."

ಪುಂಡರೀಕಾಕ್ಷರಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತರು. ಮುಂದಿನ ಗೇಟಿನಿಂದ ದಿನಕ್ಕೆ ನಲವತ್ತು ಕಾರು ಹೋಗುತ್ತವೆ, ಒಂದೊಂದು ಡಿಕ್ಕಿಯಲ್ಲೂ ಹತ್ತು ಹಲಸು ಹಿಡಿಯುತ್ತದೆ, ಅಲ್ಲಿ ಕ್ಯಾಮರಾ ಇಲ್ಲ ಎಂದರು. ಕೆಲಸದವರು ಓಡಾಡುವ ಗೇಟಿನಲ್ಲಿ ಮಾತ್ರ ಕಣ್ಣಿಟ್ಟರೆ ಕಳ್ಳತನ ಕೆಲಸದವರದ್ದೇ ಆಗಿ ಕಾಣುತ್ತದೆ ಎಂದರು. ಸ್ವರ ಏರಿತು. "ಈ ಚಿತ್ರ ಸುಳ್ಳು ಹೇಳ್ತಾ ಇಲ್ಲ, ಅರ್ಧ ಹೇಳ್ತದೆ. ನಾನು ಕೇಳುವುದು ಒಂದೇ. ಆ ಕ್ಯಾಮರಾ ಅಲ್ಲಿ ಇಟ್ಟವರು ಯಾರು?"

ಚಪ್ಪಾಳೆ ಬಿತ್ತು. ತಮ್ಮ ಮಾತು ತಮಗೇ ಇಷ್ಟವಾಗಿ ಪುಂಡರೀಕಾಕ್ಷರು ಕನ್ನಡಕ ಒರೆಸಿಕೊಂಡರು.

ಮಾನಮ್ಮ ಅದನ್ನು ನಿಜವಾದ ಪ್ರಶ್ನೆ ಎಂದೇ ತಿಳಿದಳು. "ನೀವಽ ರೀ ಸಾಹೇಬ್ರ. ಹ್ವಾದ ವರ್ಷ. ನೀವು ಬೀಳಬಾರ್ದಂತ ನಾನಽ ಸ್ಟೂಲ್ ಹಿಡ್ಕೊಂಡಿದ್ನಲ್ರೀ."

ನೆನಪಾಯಿತು. ಗಟ್ಟಿಯಾಗಿ ಹಿಡ್ಕೊ ಎಂದು ಮೇಲಿನಿಂದ ಗದರಿಸಿದ್ದೂ ನೆನಪಾಯಿತು. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಮೂರು ದಿನದ ಶಿಬಿರದಲ್ಲಿ ಲೋಕದ ಕ್ಯಾಮರಾಗಳನ್ನೆಲ್ಲ ಅನುಮಾನಿಸಿದ್ದರು, ಇದೊಂದನ್ನು ಬಿಟ್ಟು.

"ಪಾಸ್ ರದ್ದಾಗುವುದಿಲ್ಲ," ಎಂದರು. "ರದ್ದು ಮಾಡಿದರೆ ನನ್ನ ರಾಜೀನಾಮೆಯೂ ತಗೊಳ್ಳಿ."

ಸೆಕ್ರೆಟರಿಯ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು. ಪಾಸ್ ಉಳಿಯಿತು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಗೇಟಿಗೆ ಹೋಗಿ ಸ್ಟೂಲ್ ಹತ್ತಿದರು. ಹಿಡಿಯಲು ಬಂದ ಮಾನಮ್ಮನಿಗೆ ಬೇಡ ಎಂದರು. ಒಂಟಿಯಾಗಿ ತೂರಾಡುತ್ತಾ ಕ್ಯಾಮರಾದ ಕಣ್ಣಿಗೆ ಮುಖ ತಾಗಿಸಿ ಸ್ಕ್ರೂ ತಿರುಗಿಸತೊಡಗಿದರು. ಒಳಗೆ ಟಿವಿಯಲ್ಲಿ ಈಗ ಅದೇ ಕ್ಯಾಮರಾದ ನೇರ ಚಿತ್ರ ಬರುತ್ತಿತ್ತು, ಕಮಿಟಿ ಇನ್ನೂ ನೋಡುತ್ತಿತ್ತು.

"ಯಾರಪ್ಪ ಇವ?" ಕಮಲಾಕ್ಷರ ಸ್ವರ ಆಫೀಸಿನ ಕಿಟಕಿಯಿಂದ ಚೆನ್ನಾಗಿ ಕೇಳಿಸಿತು. "ಮುಖ ನೋಡಿದ್ರೇ ಗೊತ್ತಾಗ್ತದೆ ನೋಡಿ. ಇವನ ಪಾಸ್ ಚೆಕ್ ಮಾಡಿ."