ನಲವತ್ತೇಳರ ತಾಯಿ

ಹಳ್ಳಿಯ ಮಂದೆಗೆ ಬೀಜದ ಟಗರುಗಳನ್ನು ಒಯ್ಯುವ ಲಾರಿ ಗೇಟಿನ ಬಳಿ ಗುರುಗುಡುತ್ತಾ ನಿಂತಿತ್ತು. ಹನ್ನೆರಡು ಟಗರುಗಳು ಹತ್ತಿದ್ದವು, ಕಿವಿಯ ಬಿಲ್ಲೆಯಲ್ಲಿ ನಲವತ್ತೇಳು ಎಂದಿದ್ದ ಟಗರೊಂದೇ ಬಾಕಿ. ಮೂರು ತಿಂಗಳಿಗೇ ಇಪ್ಪತ್ತೆಂಟು ಕಿಲೋ ತೂಗಿದ್ದ ಗಟ್ಟಿಗ ಅದು. ಮಾಂಸಕ್ಕೆ ಒಳ್ಳೆಯ ಕುರಿತಳಿ ಬೆಳೆಸಬೇಕೆಂದು ಐದು ವರ್ಷ ಜೀವ ತೇಯ್ದ ಕುರಿ ಸಾಕಣೆ ಕೇಂದ್ರದ ಮೇಲಧಿಕಾರಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಅಷ್ಟರಲ್ಲಿ ಅವಳ ಫೋನಿಗೆ ರಕ್ತಪರೀಕ್ಷೆಯ ವರದಿ ಬಂತು. ದಾಖಲೆಯಲ್ಲಿದ್ದ ತಂದೆತಾಯಿಗೂ ನಲವತ್ತೇಳಕ್ಕೂ ಸಂಬಂಧವೇ ಇಲ್ಲ, ತಂದೆ ಕರಿಮೂತಿ ಎಂಬ ಹಳೇ ಟಗರು.

ಅವಳು ವರದಿಯನ್ನು ಇನ್ನೊಮ್ಮೆ ಓದಿದಳು. ಲಾರಿ ಹೊರಟಿದ್ದ ಊರಿನ ಮಂದೆಯ ತುಂಬ ಕರಿಮೂತಿಯ ಹೆಣ್ಣುಮಕ್ಕಳೇ. ಅಣ್ಣತಂಗಿ ಕೂಡಿ ಹುಟ್ಟುವ ಮರಿಗಳು ಬಡಕಲು, ತಳಿ ನೆಲಕಚ್ಚುತ್ತಿತ್ತು. ಎಂಜಿನ್ ಆರಿಸಲು ಡ್ರೈವರಿಗೆ ಹೇಳಿ ಕೊಟ್ಟಿಗೆಯತ್ತ ದಾಪುಗಾಲು ಹಾಕಿದಳು.

ಅಲ್ಲಿ ಹುಟ್ಟಿದ ಮರಿಗಳ ದಾಖಲೆ ಬರೆಯುವವನು ಅವಳ ಸೋದರಮಾವ. ಕುರಿಯ ವಿಷಯದಲ್ಲಿ ಡಾಕ್ಟರೂ ಅವನ ಮಾತು ಮೀರುತ್ತಿರಲಿಲ್ಲ, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಸುಳ್ಳು ದಾಖಲೆ ಬರೆದವರಿಗೆ ಇಲ್ಲಿ ಕೆಲಸವಿಲ್ಲ ಎಂದು ನಿಯಮ ಮಾಡಿದ ಪುಣ್ಯಾತ್ಗಿತ್ತಿ ಇವಳೇ.

ಮಾವ ಏನನ್ನೂ ಮುಚ್ಚಿಡಲಿಲ್ಲ. ನಲವತ್ತೇಳು ಹುಟ್ಟಿದ ದಿನ ಅದನ್ನು ಹೆತ್ತ ಕುರಿ ಸತ್ತಿತ್ತು, ಪಕ್ಕದ ಕುರಿಯ ಮರಿ ಸತ್ತು ಹುಟ್ಟಿತ್ತು. ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಹೊದಿಸಿದ್ದ. ವಾಸನೆ ನೋಡಿದ ಕುರಿ ತನ್ನದೇ ಮರಿಯೆಂದು ಹಾಲು ಕೊಟ್ಟಿತು. ಇವನು ಅದನ್ನೇ ತಾಯಿ, ಅದು ಕೂಡಿದ ಟಗರನ್ನೇ ತಂದೆ ಎಂದು ಬರೆದ.

ಇದೊಂದೇನಾ ಎಂದು ಕೇಳಿದಳು. ವರ್ಷಕ್ಕೆ ಮೂರೋ ನಾಲ್ಕೋ ಇರಬಹುದು ಎಂದ. ಯಾವುವೆಂದು ದಾಖಲೆಯಲ್ಲಿ ಗುರುತಿಲ್ಲ, ಐದು ವರ್ಷದ ದುಡಿಮೆ ಮಣ್ಣುಪಾಲಾಗಿತ್ತು.

“ಪಕ್ಕದಲ್ಲಿ ತಬ್ಬಲಿ ಅಂತ ಬರೆದಿದ್ರೆ ಸಾಕಿತ್ತಲ್ಲ ಮಾವ.”

“ಆ ಮಾತು ಬರೆಯೋಕೆ ನನಗೆ ಕೈ ಬರಲ್ಲ ಕಣೇ,” ಎಂದ ಮಾವ, ನೆಲ ನೋಡುತ್ತಾ. “ನಿಮ್ಮಮ್ಮ ಹೋದ್ಮೇಲೆ ನಿನ್ನ ಶಾಲೆಗೆ ಸೇರಿಸಿದಾಗ್ಲೂ ತಾಯಿ ಹೆಸರು ಅಂತ ನಿಮ್ಮತ್ತೆ ಹೆಸರೇ ಬರೆದೆ.”

ಅವಳ ಸರ್ಟಿಫಿಕೇಟುಗಳಲ್ಲೆಲ್ಲ ಇಂದಿಗೂ ಅದೇ ಹೆಸರಿತ್ತು. ತಿದ್ದಿಸಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

ಟಗರುಗಳನ್ನೆಲ್ಲ ಇಳಿಸಲು ಹೇಳಿ, ಆಫೀಸಿನಲ್ಲಿ ಕೂತು ಮೇಲಿನವರಿಗೆ ಕಳಿಸುವ ತಪ್ಪೊಪ್ಪಿಗೆಯ ಫಾರಂ ತುಂಬಿದಳು. ಕೆಲಸದಿಂದ ತೆಗೆಯಬೇಕಾದವರ ಹೆಸರು ಎಂಬುದರ ಎದುರು ಮಾವನ ಹೆಸರು ಬರೆದಳು. ಕಣ್ಣು ಮಂಜಾಗಿ ಸಾಲು ಕಾಣಿಸಲಿಲ್ಲ, ಒರೆಸಿಕೊಂಡಳು. ಕೆಳಗೆ, ಸದರಿ ನೌಕರರು ನಿಮಗೆ ಏನಾಗಬೇಕು ಎಂದು ಕೇಳಿತ್ತು.

ದಾಖಲೆಯಲ್ಲಿ ಒಂದಕ್ಷರ ತಪ್ಪಿದರೂ ಸಹಿಸದ ಅಧಿಕಾರಿ, ತಂದೆ ಎಂದು ಬರೆದು ಸಹಿ ಹಾಕಿದಳು.